ಅಲ್ಪವಿರಾಮ

ಅಡ್ಡಹೆಸರು ಮೊದಲು, ಆಮೇಲೆ ಅಲ್ಪವಿರಾಮ,
ನಿನ್ನದು ಒಂದಕ್ಷರ ಸಾಕು: ಪತ್ರಿಕೆಯ ಕಟ್ಟಳೆ.
ಹೂಸಾವೀಕಿನ ನಮಗೆ ಎಲ್ಲಿಯ ಅಡ್ಡಹೆಸರು?
ಅಪ್ಪನ ಹೆಸರಿಗೆ ‘ದೋತ್ತಿರ್’ ಅಂತ ಬಾಲ,
ಇಂಥವನ ಮಗಳು, ಅಷ್ಟೆ.

ಓರ್ಮ್ಸ್‌ದೋತ್ತಿರ್, ಹಾ.

ಹಾಲ್ವೇಗ್ ಎಂಬ ನಾನು ಚುಕ್ಕಿಯಿಟ್ಟ ‘ಹಾ’ ಆದೆ.
ಉಲ್ಲೇಖಗಳ ಪಟ್ಟಿಯಲ್ಲಿ ಆರು ಸಲ
ಓರ್ಮ
ಮೀನುವಾಸನೆಯ ಸ್ವೆಟರಿನಲ್ಲೇ ಬಂದು
ಪ್ರೊಫೆಸರುಗಳ ನಡುವೆ ಕೂತಿದ್ದಾನೆ.

ಸಂಪುಟ ದಪ್ಪಕ್ಷರ, ಪತ್ರಿಕೆ ಓರೆಯಕ್ಷರ,
ಇಸವಿಗೆ ಕಂಸ.
ಕಾಡ್ ಮೀನಿನ ಕಿವಿಹರಳು ಒರೆಸಿ, ಬೆಂಕಿಪೊಟ್ಟಣದಲ್ಲಿಟ್ಟು
‘ಬಳೆ ಎಣಿಸು, ವಯಸ್ಸು ಹೇಳುತ್ತೆ’ ಅಂದವನ ಮಾತಿಗೆ
ಪುಟಸಂಖ್ಯೆಯಿಲ್ಲ.
‘ಖಾಸಗಿ ಮಾತುಕತೆ ಪಟ್ಟಿಗೆ ಸಲ್ಲದು’
ಸಂಪಾದಕರ ಷರಾ.

ಅಳಿಸಿದೆ.
ಆದರೂ ನೋಡು,
ದೋಣಿಕಟ್ಟೆಗೆ ಹೋಗುವಾಗಿನಂತೆಯೇ
ನನಗಿಂತ ಒಂದು ಅಲ್ಪವಿರಾಮದಷ್ಟು
ಮುಂದಿದ್ದಾನೆ.