ಎಡದಿಂದ ಬಲಕ್ಕೆ

ಹಾಲಮ್ಮಜ್ಜಿಯ ಓದು ನಾಲ್ಕನೇ ಕ್ಲಾಸು.
ಐದಕ್ಕೆ ಸೇರಿಸಲು ಅವಳಪ್ಪ ಹೊರಟ ದಿನವೇ
ಎಮ್ಮೆ ಕರು ಹಾಕಿತಂತೆ.
ಆಮೇಲೆ ಯಾರಿಗೂ ನೆನಪಾಗಲಿಲ್ಲವಂತೆ.
ನಗುತ್ತಲೇ ಹೇಳುತ್ತಿದ್ದಳು ಇದನ್ನು,
ಎಮ್ಮೆಯ ಮೇಲೆ ಮಾತ್ರ ಕೊನೆತನಕ ಸಿಟ್ಟಿತ್ತು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ
ಎರಡು ಗಂಟೆಯ ಸೈರನ್ ಕೂಗಿ,
ತಾತ ಕೆಂಚಪ್ಪ ಉಂಡು ಗೊರಕೆಗೆ ಬಿದ್ದ ಮೇಲೆ,
ಪಕ್ಕದ ಮನೆಯ ಪೇಪರು ಗೋಡೆ ದಾಟಿ ಬರುತ್ತಿತ್ತು.
ಹಿಂದೆಯೇ ಮೆಹರುನ್ನಿಸಾಳ ದನಿ:
"ಸುದ್ದಿ ಏನಾದ್ರೂ ಇದೆಯಾ?"
"ಸುದ್ದಿ ಯಾರಿಗೆ ಬೇಕು ಮಾರಾಯ್ತಿ,
ಪದಬಂಧ ಇದೆ."

ಪೆನ್ಸಿಲು ಇರುತ್ತಿದ್ದದ್ದು ತುರುಬಿನಲ್ಲಿ, ಹೆಬ್ಬೆರಳುದ್ದ.
ರಬ್ಬರಿಗೆ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಕೊಯ್ದ ತುಂಡು.
ಒಂದಿಷ್ಟು ಜೋರಾಗಿ ತಿಕ್ಕಿದರೆ
ತಪ್ಪಿನ ಜೊತೆ ಕಾಗದವೂ ಹೋಗಿ
ಹಿಂದಿನ ಪುಟದ ಮಂತ್ರಿಯ ಕಣ್ಣು ತೂತು.

ಚೌಕಗಳಿಗೆ ಅವಳು ಮನೆ ಎನ್ನುತ್ತಿದ್ದಳು, ಚೌಕಾಬಾರದ ಭಾಷೆ.
"ನಾಕು ಮನೆ. ಎರಡನೇ ಮನೇಲಿ 'ರು' ಕೂತಿದೆ. ಯಾರು ಹೇಳು?"
ನಾನು ತಡವರಿಸುವಷ್ಟರಲ್ಲಿ ಬರೆದಾಗಿರುತ್ತಿತ್ತು:
ನಿರುಪಮಾ.
ಸುಳಿವು ನೋಡಿದರೆ, ಯಾತ್ರಾಸ್ಥಳ.
"ಮೋಸ ಅಜ್ಜಿ!" ಎಂದರೆ
"ಸರಿಯಾಗಿ ಕೂತಿದೀಯಲ್ಲ, ಇನ್ನೇನು?"

ಗೊತ್ತಾಗದ ಕಡೆಯೆಲ್ಲ
ಗೊತ್ತಿದ್ದವರನ್ನು ಕೂರಿಸಿಬಿಡುವಳು.
ಮಗಧದ ದೊರೆ ಇರಬೇಕಾದ ಐದು ಮನೆಗಳಲ್ಲಿ
ಮೆಹರುನ್ನಿಸಾ ಸಲೀಸಾಗಿ ಕಾಲು ಚಾಚಿದ್ದಳು.
ಮಾರನೇ ದಿನ ಉತ್ತರ ಅಚ್ಚಾದರೆ
ಕಣ್ಣೆತ್ತಿಯೂ ನೋಡಳು. "ಅವರ ಉತ್ತರ ಅವರಿಗೆ."

ಒಮ್ಮೆ ಹೇಳಿದಳು:
"ನಂದೂ ಮೂರು ಮನೆ, ನಿಮ್ಮ ತಾತಂದೂ ಮೂರು.
ಅಡ್ಡ ಬರಿ, ಉದ್ದ ಬರಿ,
ಒಂದಕ್ಷರ ಕೂಡಲ್ಲ ನೋಡು."
ಒಳಗೆ ಗೊರಕೆ ತುಸು ಹೊತ್ತು ನಿಂತಿತು.
ಮತ್ತೆ ಶುರುವಾಯಿತು.

ಬೇರೆ ಚಟಗಳೂ ಇದ್ದವು.
ರೇಡಿಯೋದಲ್ಲಿ ಕ್ರಿಕೆಟ್ಟು. ಹಿಂದಿ ಬಾರದು, ಇಂಗ್ಲಿಷು ಬಾರದು,
ಜನ ಕೂಗಿದ ರೀತಿಗೇ ಔಟೋ ಫೋರೋ ಹೇಳುವಳು.
ತಾತನ ಖಾಕಿ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮುನ್ನ
ಗುಂಡಿಗಳೆಲ್ಲ ಹಾರ್ಲಿಕ್ಸ್ ಬಾಟಲಿಗೆ.
ತಲೆನೋವು ಬಂದಾಗ
ಬಾಟಲಿ ಕಿವಿಗೆ ಹಿಡಿದು ಅಲ್ಲಾಡಿಸುವಳು. ಯಾಕೋ ಕೇಳಲಿಲ್ಲ ನಾನು.

ಆಮೇಲೆ ಸೈರನ್ ನಿಂತಿತು.
ಯಾವ ತಿಂಗಳು, ನೆನಪಿಲ್ಲ.
ಅಕ್ಕಿ ಯಾವಾಗ ಇಡಬೇಕೆಂದೇ ತಿಳಿಯದೆ
ಒಂದು ವಾರ ನಾವೆಲ್ಲ ಆರಿದ ಅನ್ನ ಉಂಡೆವು.
ಸಾಲಿನ ಬಾಗಿಲುಗಳಿಗೆ ಒಂದೊಂದಾಗಿ ಬೀಗ.
ಮೆಹರುನ್ನಿಸಾ ಮಗಳ ಜೊತೆ ಶಿಕಾರಿಪುರಕ್ಕೆ ಹೊರಟಳು,
ಹೋಗುವಾಗ ಗೋಡೆಯ ಮೇಲೆ
ಒಂದು ತಿಂಗಳ ಪೇಪರು ಇಟ್ಟು ಹೋದಳು.

ಸಂಜೆ ಜಗಲಿಯಲ್ಲಿ ಕೂತು
ಪೆನ್ಸಿಲಿನಿಂದ ಬೀದಿ ಎಣಿಸುತ್ತಿದ್ದಳು ಅಜ್ಜಿ:
ಬಿಳಿ, ಕರಿ, ಕರಿ, ಬಿಳಿ, ಕರಿ, ಕರಿ.
"ಹಿಂಗೆ ಕರಿ ಮನೆ ಜಾಸ್ತಿಯಾದ್ರೆ
ಪದ ಎಲ್ಲಿ ಬರೀಬೇಕು ಇವರು?"
ಪೇಪರು ನಾವೇ ತರಿಸತೊಡಗಿದೆವು.
ಗೋಡೆ ದಾಟಿ ಬರುತ್ತಿದ್ದ ಪದಬಂಧದಷ್ಟು
ಇದು ಗಟ್ಟಿಯಿಲ್ಲ ಎಂದಳು.

ಹನ್ನೊಂದನೇ ದಿನ ಕಳೆದು ಟ್ರಂಕು ತೆಗೆದೆವು.
ಹಳೇ ಸೀರೆಯಂಚಿನಲ್ಲಿ ಕಟ್ಟಿದ ಕತ್ತರಿಕೆಗಳ ಕಂತೆ.
ಬಿಚ್ಚಿದರೆ ಬೀದಿಯ ಜನವೆಲ್ಲ ಒಳಗಿದ್ದಾರೆ:
ನದಿಯ ಜಾಗದಲ್ಲಿ ಹಾಲಿನ ಗಾಮಪ್ಪ,
ರಾಗದ ಜಾಗದಲ್ಲಿ ಫಿಟ್ಟರ್ ಡಿಸೋಜ,
ಹುಟ್ಟಿ ಮೂರೇ ದಿನ ಇದ್ದ, ಹೆಸರೇ ಇಡದಿದ್ದ
ದೊಡ್ಡಪ್ಪನಿಗೆ ಎಲ್ಲೋ ಒಂದು ಕಡೆ
"ಮಗು" ಎಂದಷ್ಟೇ, ಎರಡು ಮನೆ.

ಒಂದರಲ್ಲಿ ತಿಕ್ಕಿ ತಿಕ್ಕಿ ತೂತಾದ ಜಾಗ.
ಅಲ್ಲೇನಿತ್ತೋ.
ಬೆರಳು ತೂರಿಸಿ ನೋಡಿದೆ, ಸುಮ್ಮನೆ.

ಅದರ ಕೆಳಗಿನದರಲ್ಲಿ,
ಮೇಲಿನಿಂದ ಕೆಳಕ್ಕೆ, ಹದಿನಾಲ್ಕು: ವೈರಿ.
ಎರಡೇ ಮನೆ.
ಮೊನೆ ಮುರಿಯುವಷ್ಟು ಒತ್ತಿ ಬರೆದಿದ್ದಾಳೆ:
ಎಮ್ಮೆ.