ಹನ್ನೊಂದನೇ ಪುಟದ ಹಳದಿ

ಬ್ರಿಜ್‌ಪೋರ್ಟಿನ ನನ್ನ ಅಂಗಡಿಯಲ್ಲಿ ಒಂದೇ ಕತೆಗೆ ಎರಡು ಬೆಲೆ:
ಪ್ಲಾಸ್ಟಿಕ್ ಚೀಲದೊಳಗಿನ ಹಳೆಯದಕ್ಕೆ ನಾನೂರು ಡಾಲರು,
ರಟ್ಟು ಹೊದ್ದ ಹೊಸ ಸಂಪುಟಕ್ಕೆ ನಲವತ್ತು.
ಎರಡರಲ್ಲೂ ಕೊನೆಗೆ ಗೆಲ್ಲುವವನು ಅವನೇ.

ಮಂಗಳವಾರ, ನೊಣ ಹೊಡೆಯುವ ಹೊತ್ತು,
ಲೊರೆಟ್ಟಾ ಪಿಯಾಸೆಟ್ಸ್ಕಿ ಬಂದಳು. ಎಂಬತ್ತೇಳು.
"ಕೊಳ್ಳೋಕಲ್ಲ, ನೋಡೋಕೆ" ಅಂತ ಮೊದಲೇ ಅಂದಳು.
ಎರಡನ್ನೂ ಪಕ್ಕಪಕ್ಕ ಬಿಡಿಸಿಟ್ಟೆ.

ಹೊಸದರ ಕಾಗದ ಎಷ್ಟು ನುಣುಪೆಂದರೆ
ದೀಪದ ಬೆಳಕು ಕಾಲು ಜಾರಿ ಬೀಳುತ್ತದೆ.
ಒಂದು ಕಲೆಯಿಲ್ಲದ ಆಕಾಶ,
ಮೀಯಿಸಿ, ತಲೆ ಬಾಚಿ, ಫೋಟೋಕ್ಕೆ ಕೂರಿಸಿದ ಮಗು.

ಹಳೆಯದರ ಅಂಚು ಚಹಾ ಬಣ್ಣ. ಪಿನ್ನುಗಳಿಗೆ ತುಕ್ಕು.
ಭೂತಗನ್ನಡಿ ಹಿಡಿದರೆ ಆಕಾಶವೆಂಬುದು
ಚೆಲ್ಲಿಹೋದ ನೀಲಿ ಸಾಸಿವೆ.
ತುಟಿಯ ಕೆಂಪು ತುಟಿಯಲ್ಲಿ ನಿಲ್ಲದೆ
ಕೂದಲೆಳೆಯಷ್ಟು ಸರಿದು ಗಲ್ಲದ ಮೇಲೆ.

ಅವಳು ಪುಟ ಮೂಸಿದಳು.
"ಉದ್ದ ಮೇಜು, ಹದಿನಾಲ್ಕು ಹೆಂಗಸರು,
ಹಾಳೆಗಿಷ್ಟು ಅಂತ ಕೂಲಿ.
ಚುಕ್ಕಿ ಇಪ್ಪತ್ತೈದು, ಐವತ್ತು, ಇಲ್ಲಾ ಪೂರ್ತಿ ನೂರು.
ಲೋಕದ ಬಣ್ಣವೆಲ್ಲ ಇಷ್ಟರಲ್ಲೇ ಮುಗೀಬೇಕು."

ಆಮೇಲೆ ಉಗುರು ಹನ್ನೊಂದನೇ ಪುಟದ ಮೂಲೆಗೆ ಹೋಯಿತು.
ಓಡುವ ಜನ, ಹಿಂದೆ, ಅಕ್ಕಿಕಾಳಿನಷ್ಟು ಹುಡುಗಿ:
ಹಳದಿ ಕೋಟು.
"ಚೀಟೀಲಿ ಜನ ಎಲ್ಲ ಬೂದು ಅಂತಿತ್ತು.
ಆ ವಾರ ತಂಗಿ ವಾಂಡಾಗೆ ಕೋಟು ಹೊಲಿಸಿದ್ವಿ."

ಹೊಸದರಲ್ಲಿ ಹುಡುಗಿ ಬೂದು.
'ಹಳೆಯ ದೋಷಗಳನ್ನೆಲ್ಲ ತಿದ್ದಲಾಗಿದೆ'
ಎಂದು ಮುನ್ನುಡಿ ಎದೆಯುಬ್ಬಿಸಿಕೊಂಡಿದೆ.
ನಾನು ಸಿಡುಕಲು ಬಾಯಿ ತೆರೆದೆ.
"ಸರಿಯಾಗೇ ಮಾಡಿದಾರೆ ಬಿಡು," ಅಂದಳು. "ತಪ್ಪು ನಂದು."

ಪರ್ಸು ಬಿಚ್ಚಿ ನಲವತ್ತು ಎಣಿಸಿದಳು,
ಹೊಸದಕ್ಕೆ.
"ಇದರಲ್ಲಿ ಅಕ್ಷರ ಕಾಣತ್ತೆ.
ನಮ್ಮ ಕೈಗೆ ಹಾಳೆಗಳು ಹಿಂದುಮುಂದಾಗಿ ಬರ್ತಿದ್ವು.
ಕತೆ ಏನಂತ ಇವತ್ತಿಗೂ ಗೊತ್ತಿಲ್ಲ ನಂಗೆ."

ಬಾಗಿಲ ಗಂಟೆ ಅಲ್ಲಾಡಿ ನಿಂತಿತು.
ಹಳೆಯದನ್ನು ಚೀಲಕ್ಕೆ ತುಂಬುವಾಗ
ಅದರ ಮೇಲಿನ ಚೀಟಿ, ನನ್ನದೇ ಕೈಬರಹ:
ತುಕ್ಕು. ಅಂಚಿಗೆ ಕಲೆ. ಕೆಂಪು ಸರಿದಿದೆ.
ಪೆನ್ನಿನ ಮುಚ್ಚಳ ತೆಗೆದೆ.
ಈ ಹಳದಿಯನ್ನು ಯಾವುದರ ಕೆಳಗೆ ಬರೆಯುವುದೆಂದು ತಿಳಿಯದೆ
ಶಾಯಿ ಒಣಗುವಷ್ಟು ಹೊತ್ತು ಹಿಡಿದುಕೊಂಡೇ ಇದ್ದೆ.