ದೊಂದಿ ಹಿಡಿದಾಂವ

ನಾಟಕದಾಗ ನನಗ ಮೂರು ಮಾತಿದ್ದವು.
"ಬಾಗಿಲಾ ಎಡಕ್ಕೈತ್ರೀ ದೊರಿ" ಅನ್ನೂದೊಂದು,
ಉಳಿದೆರಡು ಹಾಂ, ಹೂಂ.
ಜಮಖಂಡಿ ತಗಡಿನ ತೇಟರಿನ್ಯಾಗ ಮಾಟಗಾತಿ ನಕ್ಕರ
ದೊಂದಿ ನಡಗಬೇಕು, ನಾ ನಡಗಬಾರದು.

ಆಮ್ಯಾಲ ಚಿತ್ರದ ಪುಸ್ತಕ ಬಂತು.
ಖಡ್ಗದಾಂವಗ ಪುಟಕ್ಕೊಂದು ಮೀಸಿ,
ನನ್ನ ಬೆನ್ನಷ್ಟ ಬರದಿದ್ರು.
ಧಾರಾವಾಹಿಯೊಳಗ ನನ್ನ ಮಾತು
ಒಂದು ಗಿಳಿಗೆ ಕೊಟ್ರು.

ಈಗ ಮೊಮ್ಮಗ ದಾವಲ
ಮೊಬೈಲಿನ್ಯಾಗ ಅದೇ ಗವಿ ಹೊಕ್ಕಾನ.
ದೊಂದಿಯಾಂವನ್ನ ಮುಂದ ನೂಕ್ತಾನ,
ಬಲಿ ಎಲ್ಲೈತಿ ತಿಳೀಲಿ ಅಂತ.
ಹತ್ತಿ ಹಿಂಜಕೋತ ನೋಡಿದೆ:
ಮೂರು ಸಲ ಸತ್ತೆ.

ನಾಕನೇದಕ್ಕ ತಡೀಲಿಲ್ಲ.
"ಬಾಗಿಲಾ ಎಡಕ್ಕೈತ್ರೀ ದೊರಿ."

ಹುಡುಗ ತಲಿ ಎತ್ತಲಿಲ್ಲ.
ಎಡಕ್ಕ ಹೊಳ್ಳಿದ.